ನೀಲಿ ರೆಕ್ಕೆಯ ಗಿಳಿ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಕ್ಕಿ ನೋಡಲು ಬರುವವರು, ಇಲ್ಲೇ ಹುಟ್ಟಿ ಬೆಳೆದವರು, ಶಾಲೆ ಮಕ್ಕಳು, ತೋಟದವರು, ಎಲ್ಲರೂ ಈ ಗಿಳಿಯ ಬಗ್ಗೆ ಹೆಚ್ಚು ಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನೆಲ್ಲ ಒಂದು ಕಡೆ ಕೂಡಿಸಿ ಉತ್ತರ ಬರೆದಿದ್ದೇನೆ. ಓದುತ್ತಾ ಹೋದಂತೆ ಹಳೆ ಮರ, ಮರದ ಪೊಟರೆ ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. ಈ ಹಕ್ಕಿಯ ಬದುಕು ನಿಂತಿರುವುದೇ ಅದರ ಮೇಲೆ.

ಇದು ಯಾವ ಗಿಳಿ? ನಮ್ಮೂರಿನ ಹಸಿರು ಗಿಳಿಯೇನಾ?

ಅಲ್ಲ. ಪೇಟೆಯಲ್ಲಿ, ಬಯಲುಸೀಮೆಯಲ್ಲಿ ನೋಡುವ ಹಸಿರು ಗಿಳಿ ಬೇರೆ. ಇದು ಪಶ್ಚಿಮ ಘಟ್ಟದ ಕಾಡಿನ ಗಿಳಿ. ನೀಲಿ ರೆಕ್ಕೆಯ ಗಿಳಿ ಅಂತಲೂ ಮಲಬಾರ್ ಗಿಳಿ ಅಂತಲೂ ಕರೆಯುತ್ತಾರೆ. ಮುಂಬೈಗಿಂತ ದಕ್ಷಿಣದ ಘಟ್ಟಗಳಿಂದ ಶುರುವಾಗಿ ಕೇರಳದ ದಕ್ಷಿಣದ ಗುಡ್ಡಗಳವರೆಗೆ ಇದರ ನೆಲೆ. ಪ್ರಪಂಚದಲ್ಲಿ ಬೇರೆಲ್ಲೂ ಈ ಗಿಳಿ ಕಾಡಿನಲ್ಲಿ ಇಲ್ಲ. ನಮ್ಮ ಮಲೆನಾಡು ಆ ಪಟ್ಟಿಯ ನಡುವೆ ಬರುತ್ತದೆ. ಹಾಗಾಗಿ ಆಗುಂಬೆಯವರಿಗೆ, ಹೊಸನಗರ ತಾಲೂಕಿನ ನಗರ ಎಂಬ ಊರಿನವರಿಗೆ, ಕೊಡಚಾದ್ರಿ ತಪ್ಪಲಿನವರಿಗೆ ಇದು ಮನೆ ಹಿಂದಿನ ಹಕ್ಕಿ. ಹೊರಗಿನವರಿಗೆ ಇದನ್ನು ನೋಡಬೇಕೆಂದರೆ ಇಲ್ಲಿಗೇ ಬರಬೇಕು.

1830ರಲ್ಲಿ ವಿಗರ್ಸ್ ಎಂಬ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟು ದಾಖಲಿಸಿದರು. ಇದರ ತೀರಾ ಹತ್ತಿರದ ನೆಂಟ ಇರುವುದು ಶ್ರೀಲಂಕಾದಲ್ಲಿ. ಅಲ್ಲಿನ ಗಿಳಿಯೂ ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ.

ನೋಡಲು ಹೇಗಿರುತ್ತದೆ?

ಮೊದಲು ಕಣ್ಣಿಗೆ ಬೀಳುವುದು ಬೂದು ಬಣ್ಣ. ತಲೆ, ಬೆನ್ನು, ಎದೆ ಎಲ್ಲ ಪಾರಿವಾಳದಂತೆ ಮೆತ್ತನೆಯ ಬೂದು. ಗಿಳಿ ಅಂದ ಕೂಡಲೇ ಹಸಿರು ಅಂದುಕೊಂಡವರಿಗೆ ಇಲ್ಲೇ ಗೊಂದಲ ಶುರುವಾಗುತ್ತದೆ. ರೆಕ್ಕೆ ಮಡಿಸಿ ಕೂತಾಗ ರೆಕ್ಕೆಯ ಮೇಲ್ಭಾಗ ಕಡು ಹಸಿರು, ಅಂಚಿನ ಉದ್ದ ಗರಿಗಳು ನೀಲಿ. ಹಾರಿದಾಗ ಆ ನೀಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಾಲ ಉದ್ದ, ನೀಲಿ, ತುದಿಯಲ್ಲಿ ಹಳದಿ. ಹೊಟ್ಟೆಯ ಕೆಳಭಾಗ ತಿಳಿ ಹಸಿರಿಗೆ ತಿರುಗಿರುತ್ತದೆ.

ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 36ರಿಂದ 38 ಸೆಂಟಿಮೀಟರ್. ಅದರಲ್ಲಿ ದೊಡ್ಡ ಪಾಲು ಬಾಲದ್ದೇ. ದೇಹ ನೋಡಿದರೆ ಸಣ್ಣ ಹಕ್ಕಿ.

ಬೆಳಕು ಸರಿಯಾಗಿ ಬೀಳದಿದ್ದರೆ ಇಡೀ ಹಕ್ಕಿ ಕಪ್ಪಗೆ ಕಾಣುತ್ತದೆ. ಆಗುಂಬೆಯ ಮಂಜಿನಲ್ಲಂತೂ ಬಣ್ಣ ಗೊತ್ತಾಗುವುದೇ ಇಲ್ಲ. ಬಿಸಿಲು ಬಂದು ಅದು ಒಮ್ಮೆ ರೆಕ್ಕೆ ತಿರುಗಿಸಿದರೆ ಸಾಕು, ಆ ನೀಲಿ ಮರೆಯುವಂಥದ್ದಲ್ಲ. ನಮ್ಮ ಘಟ್ಟದ ಹಕ್ಕಿಗಳಲ್ಲಿ ಇಷ್ಟು ಹದವಾಗಿ ಬಣ್ಣ ಕೂಡಿಬಂದ ಹಕ್ಕಿ ಕಡಿಮೆ ಅಂತ ನನ್ನ ಅನಿಸಿಕೆ. ಮಿಂಚುಳ್ಳಿಯ ಬಣ್ಣ ದೂರದಿಂದಲೇ ಹೊಡೆಯುತ್ತದೆ. ಇದರ ಬಣ್ಣ ಹತ್ತಿರ ಹೋದಷ್ಟೂ ಬಿಚ್ಚಿಕೊಳ್ಳುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು?

ಕೊಕ್ಕು ನೋಡಿ. ಗಂಡಿನ ಮೇಲ್ಕೊಕ್ಕು ಕೆಂಪು, ತುದಿ ಮಾತ್ರ ಹಳದಿ. ಹೆಣ್ಣಿನ ಕೊಕ್ಕು ಕಪ್ಪು. ಇದೊಂದು ಸಾಕು.

ಇನ್ನೂ ಖಾತ್ರಿ ಬೇಕಿದ್ದರೆ ಕೊರಳು ನೋಡಿ. ಇಬ್ಬರಿಗೂ ಕಪ್ಪು ಪಟ್ಟಿ ಇರುತ್ತದೆ. ಗಂಡಿಗೆ ಆ ಕಪ್ಪು ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇದೆ, ಹೊಳೆಯುವ ನೀಲಿ ಹಸಿರು. ಅದೇ ಬಣ್ಣ ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲೂ ಕಾಣುತ್ತದೆ. ಹೆಣ್ಣಿಗೆ ಈ ಎರಡನೇ ಪಟ್ಟಿ ಇಲ್ಲ.

ಮೈಯೆಲ್ಲ ಹಸಿರು, ಕೊಕ್ಕು ಕಿತ್ತಳೆ ಇರುವ ಒಂದು ಗಿಳಿ ಇದರ ಗುಂಪಿನಲ್ಲೇ ಇತ್ತು. ಅದು ಬೇರೆ ಜಾತಿಯಾ?

ಅದು ಮರಿ. ಗೂಡು ಬಿಟ್ಟು ಹೊರಬಂದ ಮೊದಲ ತಿಂಗಳುಗಳಲ್ಲಿ ಮರಿಗಳ ಮೈ ಹಸಿರಾಗೇ ಇರುತ್ತದೆ. ಗರಿ ಉದುರಿ ಹೊಸದು ಬಂದಂತೆ ಬೂದು ಬಣ್ಣ ಏರುತ್ತದೆ. ಬೇಸಿಗೆಯಲ್ಲಿ ದೊಡ್ಡ ಗಿಳಿಗಳ ಹಿಂದೆ ಹೀಗೆ ಹಸಿರು ಮರಿಗಳು ಸುತ್ತುತ್ತಿದ್ದರೆ ಒಳ್ಳೇ ಸುದ್ದಿ ಅಂತಲೇ ತಿಳಿಯಿರಿ. ಹತ್ತಿರದಲ್ಲಿ ಎಲ್ಲೋ ಒಂದು ಪೊಟರೆ ಕೆಲಸ ಮಾಡಿದೆ.

ಮಲೆನಾಡಿನ ಬೇರೆ ಗಿಳಿಗಳಿಂದ ಇದನ್ನು ಬೇರೆ ಮಾಡುವುದು ಹೇಗೆ?

ನಮ್ಮ ಕಡೆ ಸಾಮಾನ್ಯವಾಗಿ ಇನ್ನೂ ಮೂರು ಜಾತಿ ಸಿಗುತ್ತವೆ.

ಒಂದು, ಎಲ್ಲರಿಗೂ ಗೊತ್ತಿರುವ ಹಸಿರು ಗಿಳಿ. ಉದ್ದ ಸುಮಾರು 42 ಸೆಂಟಿಮೀಟರ್. ಗಂಡು ಹೆಣ್ಣು ಎರಡಕ್ಕೂ ಕೊಕ್ಕು ಕೆಂಪು. ಗಂಡಿನ ಕೊರಳಲ್ಲಿ ಗುಲಾಬಿ ಮತ್ತು ಕಪ್ಪು ಉಂಗುರ. ಮೈಯಲ್ಲಿ ಬೂದು ಇಲ್ಲವೇ ಇಲ್ಲ. ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ ಪೇಟೆ ಕಡೆ ಇದೇ ಜಾಸ್ತಿ.

ಎರಡನೆಯದು ಕೆಂಪು ತಲೆಯ ಗಿಳಿ. ಉದ್ದದಲ್ಲಿ ನಮ್ಮ ನೀಲಿ ರೆಕ್ಕೆಯವನಷ್ಟೇ. ಗಂಡಿನ ತಲೆ ನೇರಳೆ ಕೆಂಪು, ನೋಡಿದರೆ ಅನುಮಾನವೇ ಬರುವುದಿಲ್ಲ. ತೊಂದರೆ ಬರುವುದು ಹೆಣ್ಣಿನಲ್ಲಿ. ಅದರ ತಲೆ ಬೂದು. ಅದನ್ನು ನೋಡಿ ನೀಲಿ ರೆಕ್ಕೆಯ ಗಿಳಿ ಅಂತ ಬರೆದುಕೊಳ್ಳುವವರು ಬಹಳ ಮಂದಿ. ಆಗ ಮೂರು ಕಡೆ ನೋಡಿ. ಕೊಕ್ಕು ಹಳದಿಯಾ? ಕೊರಳಲ್ಲಿ ಕಪ್ಪು ಪಟ್ಟಿ ಬದಲು ಹಳದಿ ಪಟ್ಟಿ ಇದೆಯಾ? ಬೆನ್ನು, ಎದೆ ಹಸಿರಾ? ಹೌದಾದರೆ ಅದು ಕೆಂಪು ತಲೆಯ ಜಾತಿಯ ಹೆಣ್ಣು. ಬಾಲದ ತುದಿಯೂ ಸುಳಿವು ಕೊಡುತ್ತದೆ. ಅದಕ್ಕೆ ಬಿಳಿ, ಇದಕ್ಕೆ ಹಳದಿ.

ಮೂರನೆಯದು ಪುಟ್ಟ ತೂಗು ಗಿಳಿ. ಗುಬ್ಬಚ್ಚಿ ಗಾತ್ರ, 14 ಸೆಂಟಿಮೀಟರ್. ಬಾಲ ಮೊಂಡು, ಬೆನ್ನ ಕೆಳಗೆ ಕೆಂಪು. ರಾತ್ರಿ ಬಾವಲಿ ಥರ ತಲೆಕೆಳಗಾಗಿ ತೂಗಿಕೊಂಡು ಮಲಗುತ್ತದೆ. ಗೊಂದಲಕ್ಕೆ ಜಾಗವೇ ಇಲ್ಲ, ಆದರೂ ಹೇಳಿದೆ. ಇಷ್ಟು ಸಣ್ಣ ಗಿಳಿ ನಮ್ಮಲ್ಲಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ.

ಈ ನೀಲಿ ಬಣ್ಣ ಎಲ್ಲಿಂದ ಬರುತ್ತದೆ? ತಿನ್ನುವ ಹಣ್ಣಿನಿಂದಲಾ?

ಹಣ್ಣಿಗೂ ಈ ನೀಲಿಗೂ ಸಂಬಂಧ ಇಲ್ಲ. ಗರಿಯಲ್ಲಿ ನೀಲಿ ಬಣ್ಣದ ಪುಡಿ ಅಂತ ಏನೂ ಇರುವುದಿಲ್ಲ. ಗರಿಯ ಎಳೆಯೊಳಗೆ ಸ್ಪಂಜಿನಂಥ ಬಹಳ ಸೂಕ್ಷ್ಮವಾದ ರಚನೆ ಇದೆ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ ಭಾಗ ಮಾತ್ರ ನಮ್ಮ ಕಣ್ಣಿನ ಕಡೆ ಚದುರಿ ಬರುತ್ತದೆ. ಕಾಡಿನಲ್ಲಿ ಬಿದ್ದ ಒಂದು ನೀಲಿ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿ. ನೀಲಿ ಮಾಯವಾಗಿ ಮಾಸಲು ಕಂದು ಕಾಣುತ್ತದೆ. ನೋಡಿ ಅಲ್ಲೇ ಬಿಟ್ಟು ಬನ್ನಿ.

ಹಸಿರು ಇನ್ನೂ ಮಜವಾಗಿದೆ. ಗಿಳಿಗಳು ತಮ್ಮ ದೇಹದೊಳಗೇ ಹಳದಿ, ಕೆಂಪು ಬಣ್ಣಗಳನ್ನು ತಯಾರು ಮಾಡಿಕೊಳ್ಳುತ್ತವೆ. ಬೇರೆ ಬಹುತೇಕ ಹಕ್ಕಿಗಳು ಈ ಬಣ್ಣಗಳಿಗೆ ಆಹಾರವನ್ನೇ ನಂಬಬೇಕು. ಗಿಳಿಯ ಬಣ್ಣ ಗಿಳಿಗಳಲ್ಲಿ ಮಾತ್ರ ಇರುವಂಥದ್ದು. ಆ ಹಳದಿ, ಈ ಬೆಳಕಿನ ನೀಲಿಯ ಮೇಲೆ ಕೂತಾಗ ನಮಗೆ ಹಸಿರು ಕಾಣುತ್ತದೆ. ಹಳದಿ ಇಲ್ಲದ ಕಡೆ ನೀಲಿಯೇ ಉಳಿಯುತ್ತದೆ. ಗಿಳಿಗಳ ಕಣ್ಣಿಗೆ ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ. ಹಾಗಾಗಿ ಒಂದು ಗಿಳಿ ಇನ್ನೊಂದನ್ನು ನೋಡುವಾಗ ನಾವು ನೋಡುವುದಕ್ಕಿಂತ ಜಾಸ್ತಿ ಬಣ್ಣ ನೋಡುತ್ತಿರುತ್ತದೆ.

ಎಂಥ ಕಾಡಿನಲ್ಲಿ ಇರುತ್ತದೆ?

ನಿತ್ಯಹಸಿರು ಕಾಡು, ಅದರ ಅಂಚು, ಅರ್ಧ ಎಲೆ ಉದುರುವ ಕಾಡು. ಸಮುದ್ರ ಮಟ್ಟದಿಂದ 450ರಿಂದ 1000 ಮೀಟರ್ ಎತ್ತರದ ಗುಡ್ಡಗಳು ಇದಕ್ಕೆ ಹೆಚ್ಚು ಇಷ್ಟ. ಅದಕ್ಕಿಂತ ಮೇಲೂ ಕೆಳಗೂ ಓಡಾಡುತ್ತದೆ. ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ, ಸರಿಯಾಗಿ ಇದರ ಅಳತೆಗೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯ ಹುಲ್ಲುಗಾವಲಿಗಿಂತ ಕೆಳಗಿನ ಶೋಲೆ, ಕಣಿವೆ ಕಾಡುಗಳಲ್ಲಿ ಇದನ್ನು ಹುಡುಕುವುದು ಜಾಣತನ.

ಕಾನು, ಅಂದರೆ ಊರಂಚಿನ ಹಳೆ ದಟ್ಟ ಕಾಡು ಉಳಿದಿರುವ ಕಡೆ, ದೇವರಕಾಡು ಇರುವ ಕಡೆ, ತೋಟಕ್ಕೆ ಸೊಪ್ಪು ತರುವ, ಹಳೆ ಮರ ಬಿಟ್ಟುಕೊಂಡಿರುವ ಸೊಪ್ಪಿನ ಬೆಟ್ಟಗಳಲ್ಲೂ ಇದು ಬರುತ್ತದೆ. ನೆರಳು ಮರ ಇರುವ ಕಾಫಿ ತೋಟವೂ ಆಗುತ್ತದೆ. ಕಾಡು ಪೂರ್ತಿ ಮುಟ್ಟದಂತೆ ಇರಲೇಬೇಕು ಅನ್ನೋ ಹಠ ಇದಕ್ಕಿಲ್ಲ. ಎತ್ತರದ ಮರ ಬೇಕು, ಹಣ್ಣು ಹೂವು ವರ್ಷವಿಡೀ ಒಂದಲ್ಲ ಒಂದು ಕಡೆ ಸಿಗಬೇಕು, ಗೂಡಿಗೆ ಪೊಟರೆ ಸಿಗಬೇಕು. ಮೂರನೆಯದೇ ಈಗ ಕಷ್ಟ.

ಶಿವಮೊಗ್ಗ ಪೇಟೆಯಲ್ಲಿ ಕಾಣುತ್ತದಾ?

ಪೇಟೆಯೊಳಗೆ ನೋಡುವುದು ಹಸಿರು ಗಿಳಿಯನ್ನೇ. ಇದಕ್ಕೆ ಪಶ್ಚಿಮಕ್ಕೆ, ಮಳೆ ಜಾಸ್ತಿಯಾಗುವ ಕಡೆ ಹೋಗಿ. ಮಂಡಗದ್ದೆಯಲ್ಲಿ ಸಿಗುತ್ತಾ ಅಂತಲೂ ಕೇಳುತ್ತಾರೆ. ಮಂಡಗದ್ದೆ ಹೆಸರುವಾಸಿಯಾಗಿರುವುದು ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳಿಗೆ. ಅದೂ ನೋಡಲೇಬೇಕಾದ ಜಾಗ, ಆದರೆ ಈ ಗಿಳಿಗಾಗಿ ಅಲ್ಲ.

ಏನು ತಿನ್ನುತ್ತದೆ?

ಹಣ್ಣು, ಬೀಜ, ಮೊಗ್ಗು, ಹೂವಿನ ಮಕರಂದ. ಅತ್ತಿ, ಗೋಣಿ, ಬಸರಿಯಂಥ ಮರಗಳಲ್ಲಿ ಹಣ್ಣು ಬಂದಾಗ ಇವು ತಪ್ಪದೆ ಹಾಜರ್. ಕುಟ್ರು ಹಕ್ಕಿ, ಮಂಗಟ್ಟೆ, ಪಿಕಳಾರ, ಹಸಿರು ಪಾರಿವಾಳ ಎಲ್ಲ ಒಂದೇ ಮರದಲ್ಲಿ ಇರುತ್ತವೆ. ಇಂಥ ಒಂದು ಮರ ಸಿಕ್ಕರೆ ಇಡೀ ಬೆಳಗ್ಗೆ ಅದರ ಕೆಳಗೇ ಕಳೆಯಿರಿ. ಕಾಡೆಲ್ಲ ಅಲೆಯುವ ಅಗತ್ಯವಿಲ್ಲ.

ಮಾಘ, ಫಾಲ್ಗುಣದ ಹೊತ್ತಿಗೆ ಹಾಲವಾಣ ಎಲೆ ಉದುರಿಸಿ ಕೆಂಪಗೆ ಹೂ ಬಿಡುತ್ತದಲ್ಲ, ಆಗ ಮಕರಂದಕ್ಕೆ ಬರುತ್ತವೆ. ಬೂರುಗದ ಹೂವೂ ಹಾಗೆಯೇ. ಕಾಫಿ ತೋಟದ ಸಿಲ್ವರ್ ಓಕ್ ಹೂವನ್ನೂ ಬಿಡುವುದಿಲ್ಲ. ಎಲೆ ಇಲ್ಲದ ಮರದಲ್ಲಿ, ಕೆಂಪು ಹೂವಿನ ನಡುವೆ, ನೀಲಿ ಬೂದು ಹಕ್ಕಿ. ಫೋಟೋ ತೆಗೆಯುವವರು ಈ ದಿನಗಳಿಗೆ ಕಾಯುತ್ತಾರೆ.

ಇದು ತಿನ್ನುವ ರೀತಿ ಗಮನಿಸಿ. ಕಾಲಿನ ನಾಲ್ಕು ಬೆರಳಲ್ಲಿ ಎರಡು ಮುಂದೆ, ಎರಡು ಹಿಂದೆ. ಹಾಗಾಗಿ ಕಾಯಿಯನ್ನು ಕಾಲಲ್ಲೇ ಹಿಡಿದು ತಿರುಗಿಸುತ್ತಾ ಕೊಕ್ಕಿಗೆ ಕೊಡುತ್ತದೆ. ಕೊಂಬೆ ಹತ್ತುವಾಗ ಕೊಕ್ಕೇ ಮೂರನೇ ಕಾಲು. ಮೊದಲು ಕೊಕ್ಕಿನಿಂದ ಕೊಂಬೆ ಕಚ್ಚಿ, ಆಮೇಲೆ ಕಾಲು ಎಳೆದುಕೊಳ್ಳುತ್ತದೆ.

ಮಂಗಟ್ಟೆ, ಕುಟ್ರು ಹಕ್ಕಿಗಳು ಹಣ್ಣು ನುಂಗಿ ಬೀಜವನ್ನು ದೂರ ಹಾಕುತ್ತವೆ. ಗಿಳಿ ಹಾಗಲ್ಲ, ಬಹಳಷ್ಟು ಬೀಜಗಳನ್ನು ಕೊಕ್ಕಿನಲ್ಲೇ ಒಡೆದು ತಿಂದುಬಿಡುತ್ತದೆ. ಅರ್ಧ ಕಚ್ಚಿ ಕೆಳಗೆ ಉದುರಿಸುವುದೂ ಜಾಸ್ತಿ. ಸುಮ್ನೆ ಹಾಳು ಮಾಡುತ್ತದೆ ಅನ್ನುತ್ತಾರೆ. ಹಾಗೆ ಉದುರಿದ್ದನ್ನು ಆಯಲು ಕಾಡುಕುರಿ, ಮುಳ್ಳುಹಂದಿಗಳು ಬರುತ್ತವೆ. ಕಾಡಿನಲ್ಲಿ ಚೆಲ್ಲಿದ್ದು ದಂಡ ಆಗುವುದಿಲ್ಲ.

ತೋಟಕ್ಕೆ, ಗದ್ದೆಗೆ ಹಾನಿ ಮಾಡುತ್ತದಲ್ಲ?

ಕಾಡಂಚಿನ ಗದ್ದೆಯಲ್ಲಿ ಭತ್ತ ಹಾಲುಗಟ್ಟುವಾಗ, ಪೇರಳೆ ಹಣ್ಣಾಗುವಾಗ ಬರುವುದುಂಟು. ಆದರೆ ಅಡಿಕೆ ಬೆಳೆಗಾರರಿಗೆ ಇದರಿಂದ ಭಯ ಬೇಡ. ನಮ್ಮ ಅಡಿಕೆಯನ್ನು ಹೈರಾಣ ಮಾಡುವುದು ಕೊಳೆ ರೋಗ, ಎಲೆ ಚುಕ್ಕಿ, ಮಂಗ. ಗಿಳಿಯ ಪಾಲು ಇವುಗಳ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಗದ್ದೆಗೆ ದೊಡ್ಡ ಗುಂಪಾಗಿ ಇಳಿಯುವುದು ಬಯಲಿನ ಹಸಿರು ಗಿಳಿ.

ಪೇರಳೆ ಉಳಿಸಬೇಕೆಂದರೆ ಕಾಯಿಗೆ ಬಟ್ಟೆ ಇಲ್ಲವೇ ಕಾಗದದ ಚೀಲ ಕಟ್ಟಿ. ಮರಕ್ಕೆ ಮೀನುಬಲೆ ಹೊದಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಗಿಳಿ, ಬಾವಲಿ, ಹಾವು ಎಲ್ಲ ಸಿಕ್ಕಿ ಒದ್ದಾಡಿ ಸಾಯುತ್ತವೆ.

ಗೂಡು ಹೇಗೆ ಕಟ್ಟುತ್ತದೆ?

ಕಟ್ಟುವುದೇ ಇಲ್ಲ. ಇದ್ದ ಪೊಟರೆಯೊಳಗೆ ಸೇರಿಕೊಳ್ಳುತ್ತದೆ. ಗಿಳಿಯ ಕೊಕ್ಕು ಎಷ್ಟು ಗಟ್ಟಿಯಿದ್ದರೂ ಬದುಕಿರುವ ಮರದ ಕಾಂಡ ಕೊರೆದು ಹೊಸ ಗೂಡು ಮಾಡುವ ತಾಕತ್ತು ಅದಕ್ಕಿಲ್ಲ. ಮರಕುಟುಕ ಅಥವಾ ಕುಟ್ರು ಹಕ್ಕಿ ಕೊರೆದು, ಮರಿ ಮಾಡಿ, ಬಿಟ್ಟುಹೋದ ಪೊಟರೆ ಬೇಕು. ಇಲ್ಲದಿದ್ದರೆ ಕೊಂಬೆ ಮುರಿದ ಜಾಗ ಕೊಳೆತು ಆದ ಪೊಟರೆ. ಅದರ ಬಾಯಿಯನ್ನು ಸ್ವಲ್ಪ ಕಡಿದು ತನ್ನ ಅಳತೆಗೆ ಮಾಡಿಕೊಳ್ಳುತ್ತದೆ. ಒಳಗೆ ಹುಲ್ಲು, ನಾರು ಏನೂ ಹಾಸುವುದಿಲ್ಲ. ಮರದ ಪುಡಿಯ ಮೇಲೆಯೇ ಮೊಟ್ಟೆ.

ಎತ್ತರದ ಮರಗಳೇ ಬೇಕು. ನಾಗಸಂಪಿಗೆ ಇದಕ್ಕೆ ಬಹಳ ಇಷ್ಟದ ಮರ. ಮೊಟ್ಟೆ ಇಡುವ ಕಾಲ ಮುಖ್ಯವಾಗಿ ಜನವರಿಯಿಂದ ಮಾರ್ಚ್. ಮೊಟ್ಟೆ ಸಾಮಾನ್ಯವಾಗಿ ನಾಲ್ಕು, ಬಿಳಿ ಬಣ್ಣ, ಗುಂಡಗೆ. ಮರಿಗಳು ಹುಟ್ಟಿದಾಗ ಕಣ್ಣು ಮುಚ್ಚಿರುತ್ತವೆ, ಮೈಮೇಲೆ ಗರಿ ಇರುವುದಿಲ್ಲ. ತಂದೆ ತಾಯಿ ಗಂಟಲ ಚೀಲದಲ್ಲಿ ತಂದಿದ್ದನ್ನು ಕಕ್ಕಿ ಬಾಯಿಗೆ ಕೊಡುತ್ತವೆ. ಮುಂಗಾರು ಘಟ್ಟ ಹತ್ತುವ ಮೊದಲೇ ಮರಿಗಳು ಹಾರಬೇಕು. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ನಾಲ್ಕು ಬಾಯಿ ಸಾಕುವುದು ಸುಲಭದ ಮಾತಲ್ಲ.

ಒಂದು ಪೊಟರೆಗೆ ಎಷ್ಟು ಜನ ಅರ್ಜಿದಾರರಿದ್ದಾರೆ ನೋಡಿ. ಗಿಳಿಯ ಜೊತೆಗೆ ಮೈನಾ, ಗೂಬೆ, ಹಾರುವ ಅಳಿಲು, ಜೇನು. ಉಡ, ಹಾವುಗಳು ಮೊಟ್ಟೆ ಮರಿಗಾಗಿ ಇಣುಕುತ್ತವೆ. ಒಂದು ಒಳ್ಳೇ ಪೊಟರೆ ವರ್ಷ ವರ್ಷ ಬೇರೆ ಬೇರೆ ಸಂಸಾರಕ್ಕೆ ಮನೆಯಾಗುತ್ತದೆ. ಅಂಥ ಪೊಟರೆ ಆಗಲು ಮರಕ್ಕೆ ವಯಸ್ಸಾಗಬೇಕು. ಅದು ನಾವು ಅವಸರ ಮಾಡಿ ಬೆಳೆಸುವಂಥದ್ದಲ್ಲ.

ಬೆಟ್ಟದಲ್ಲಿ ಒಣಗಿದ ಮರ ನಿಂತಿದೆ. ಸೌದೆಗೆ ಕಡಿದರೆ ಏನು ತೊಂದರೆ? ಸತ್ತ ಮರ ಅಲ್ವಾ?

ಈ ಪ್ರಶ್ನೆ ಕೇಳಿದವರ ಜೊತೆ ನಾನು ಬಹಳ ಹೊತ್ತು ಮಾತಾಡುತ್ತೇನೆ. ನಮ್ಮ ಮನೆಗಳಲ್ಲಿ ಬಚ್ಚಲ ಒಲೆ ಉರಿಯಬೇಕು, ಅಡಿಕೆ ಬೇಯಿಸಬೇಕು, ಸೌದೆ ಬೇಕು. ಅದೆಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ. ಪೊಟರೆ ಇರುವ ಒಣಮರ, ಅರ್ಧ ಒಣಗಿದ ಮರ, ಗಿಳಿಗೆ ಬದುಕಿರುವ ಮರಕ್ಕಿಂತ ಹೆಚ್ಚಿನದು. ಮರಕುಟುಕ ಸುಲಭವಾಗಿ ಕೊರೆಯುವುದೂ ಇಂಥದ್ದನ್ನೇ. ಅದು ಹೋದರೆ ಮರಕುಟುಕಕ್ಕೂ ಜಾಗವಿಲ್ಲ, ಅದರ ಹಿಂದೆ ಬರುವ ಗಿಳಿಗೂ ಇಲ್ಲ.

ಒಬ್ಬ ಹಿರಿಯರು ಹೀಗೆ ಕೇಳಿದ್ದರು. "ಅಲ್ಲ ಮಾರಾಯ, ಬಿದ್ದರೆ ತೋಟದ ಮೇಲೇ ಬೀಳ್ತದಲ್ಲ?" ನ್ಯಾಯವಾದ ಮಾತು. ತೋಟ, ಮನೆ, ದಾರಿ, ಕರೆಂಟ್ ತಂತಿಯ ಮೇಲೆ ಬೀಳುವ ಹಾಗಿದ್ದರೆ ತೆಗೆಯಲೇಬೇಕು. ಮಳೆಗಾಲ ಕಳೆದು ಡಿಸೆಂಬರ್ ಬರುವುದರೊಳಗೆ ತೆಗೆಸಿ. ಜನವರಿಯಿಂದ ಮೇ ತನಕ ಬೇಡ. ಬರೀ ಮೇಲಿನ ಅಪಾಯದ ಕೊಂಬೆ ಕಡಿದು ಕಾಂಡ ಉಳಿಸಲು ಆಗುತ್ತದಾ ಅಂತ ಮೊದಲು ನೋಡಿ. ಯಾರಿಗೂ ತೊಂದರೆ ಇಲ್ಲದ ಮೂಲೆಯಲ್ಲಿ ನಿಂತಿದ್ದರೆ ಬಿಟ್ಟುಬಿಡಿ. ಅದರ ಸೌದೆ ಒಂದು ವರ್ಷದಲ್ಲಿ ಉರಿದು ಹೋಗುತ್ತದೆ, ಅದರ ಪೊಟರೆ ವರ್ಷ ವರ್ಷ ಮನೆಯಾಗುತ್ತದೆ.

ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದಲ್ಲಿದ್ದರೂ ಬಹಳಷ್ಟು ಜಾತಿಯ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಕ್ಕಿಯ ಗೂಡು, ಮೊಟ್ಟೆ ಹಾಳುಮಾಡುವುದನ್ನು ವನ್ಯಜೀವಿ ಕಾಯ್ದೆ ಬೇಟೆ ಅಂತಲೇ ಎಣಿಸುತ್ತದೆ.

ಅಕೇಶಿಯಾ ಪ್ಲಾಂಟೇಶನ್ನೂ ಹಸಿರೇ ಅಲ್ವಾ? ಅಲ್ಲಿ ಗಿಳಿ ಇರಲ್ವಾ?

ದೂರದಿಂದ ನೋಡಿದರೆ ಹಸಿರೇ. ಆದರೆ ಒಂದೇ ವಯಸ್ಸಿನ, ಒಂದೇ ಜಾತಿಯ ಮರಗಳು. ಗಿಳಿ ತಿನ್ನುವಂಥ ತಿರುಳಿನ ಹಣ್ಣಿಲ್ಲ. ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಕಟಾವಿಗೆ ಬರುತ್ತವೆ. ಗಿಳಿ ಅದರ ಮೇಲಿಂದ ಹಾರಿಹೋಗುತ್ತದೆ ಅಷ್ಟೇ.

ಗುಂಪಾಗಿ ಇರುತ್ತವಾ? ಕೂಗು ಹೇಗೆ?

ನಾಲ್ಕೈದು ಹಕ್ಕಿಗಳ ಸಣ್ಣ ಗುಂಪು ಸಾಮಾನ್ಯ. ಹಣ್ಣಿನ ಮರದಲ್ಲಿ ಇನ್ನೂ ಜಾಸ್ತಿ ಸೇರುತ್ತವೆ. ಗೂಡಿನ ಕಾಲದಲ್ಲಿ ಜೋಡಿ ಜೋಡಿಯಾಗಿ ಬೇರೆಯಾಗುತ್ತವೆ. ಹಾರಾಟ ಬಾಣದಂತೆ ನೇರ, ವೇಗ. ದಟ್ಟ ಮರಗಳ ನಡುವೆ ಅದೇ ವೇಗದಲ್ಲಿ ಓರೆಯಾಗಿ ತಿರುಗಿ ನುಗ್ಗುತ್ತವೆ.

ಕಾಡಿನಲ್ಲಿ ಇದನ್ನು ಮೊದಲು ಹಿಡಿಯುವುದು ಕಿವಿ. ಹಾರುವಾಗ ಕಿರುಚುತ್ತಾ ಹೋಗುತ್ತವೆ. ಹಸಿರು ಗಿಳಿಯ ಕಿರುಚಿಗಿಂತ ಬೇರೆ ಥರದ ದನಿ. ಎರಡು ಮೂರು ಸಲ ಗಮನವಿಟ್ಟು ಕೇಳಿದರೆ ಆಮೇಲೆ ತಪ್ಪುವುದಿಲ್ಲ. ತಿನ್ನಲು ಕೂತ ಮೇಲೆ ಮಾತ್ರ ಸದ್ದೇ ಇಲ್ಲ. ತಲೆ ಮೇಲೆ ಹತ್ತು ಗಿಳಿ ಇದ್ದರೂ ಗೊತ್ತಾಗುವುದಿಲ್ಲ. ಆಗ ನೆಲ ನೋಡಿ. ಕಚ್ಚಿದ ಹಣ್ಣಿನ ಚೂರು ಟಪಟಪ ಬೀಳುತ್ತಿದ್ದರೆ ಅಲ್ಲೇ ನಿಂತು ಕತ್ತು ಎತ್ತಿ.

ನೋಡಲು ಯಾವ ಕಾಲ, ಯಾವ ಜಾಗ ಒಳ್ಳೆಯದು?

ಡಿಸೆಂಬರಿನಿಂದ ಏಪ್ರಿಲ್. ಬೆಳಗ್ಗೆ ಬಿಸಿಲು ಮರದ ತುದಿ ಮುಟ್ಟುವ ಹೊತ್ತು, ಸಂಜೆ ನಾಲ್ಕರ ಮೇಲೆ. ಮಳೆಗಾಲದಲ್ಲಿ ಇವು ಊರು ಬಿಟ್ಟು ಹೋಗುವುದಿಲ್ಲ, ವಲಸೆ ಹಕ್ಕಿಯಲ್ಲ. ಮಂಜು, ಮಳೆಯಲ್ಲಿ ನಮಗೆ ಕಾಣುವುದಿಲ್ಲ ಅಷ್ಟೇ. ಮಳೆ ಬಿಟ್ಟ ಗಳಿಗೆಯಲ್ಲಿ ಎತ್ತರದ ಒಣ ಕೊಂಬೆಗೆ ಬಂದು ರೆಕ್ಕೆ ಒಣಗಿಸಿಕೊಳ್ಳುವುದನ್ನು ನೋಡಬಹುದು.

ಆಗುಂಬೆ ಸುತ್ತಿನ ರಸ್ತೆಬದಿ ಕಾಡು, ಹೊಸನಗರದಿಂದ ಹುಲಿಕಲ್ ಘಾಟಿ ಕಡೆ ಹೋಗುವ ದಾರಿ, ಕೊಡಚಾದ್ರಿ ತಪ್ಪಲು, ಶರಾವತಿ ಕಣಿವೆ, ಭದ್ರಾ ಅಭಯಾರಣ್ಯದ ಲಕ್ಕವಳ್ಳಿ ಭಾಗ. ಆಗುಂಬೆ ಮೀಸಲು ಅರಣ್ಯ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗಬೇಡಿ. ಹೋಗುವ ಅಗತ್ಯವೂ ಇಲ್ಲ. ಟಾರು ರಸ್ತೆಯ ಪಕ್ಕ ನಿಂತರೂ ಈ ಹಕ್ಕಿ ಸಿಗುತ್ತದೆ.

ಗಿಳಿ ನೋಡಲು ಕಾಡಿಗೆ ಹೋದರೆ ಮಂಗನ ಕಾಯಿಲೆ ಬರುತ್ತದಾ?

ಗಿಳಿಯಿಂದ ಬರುವುದಿಲ್ಲ. ಅದು ಉಣುಗು ಕಚ್ಚಿ ಬರುವ ಕಾಯಿಲೆ. 1957ರಲ್ಲಿ ಮೊದಲು ಗುರುತಾಗಿದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ. ಕಷ್ಟ ಏನೆಂದರೆ, ಉಣುಗು ಜಾಸ್ತಿಯಾಗುವ ಬೇಸಿಗೆಯ ತಿಂಗಳುಗಳೂ ಗಿಳಿ ಚೆನ್ನಾಗಿ ಕಾಣುವ ತಿಂಗಳುಗಳೂ ಒಂದೇ. ಆದ್ದರಿಂದ ಮೈ ಮುಚ್ಚುವ ಬಟ್ಟೆ ಹಾಕಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಲ್ಲಾದರೂ ಮಂಗ ಸತ್ತಿರುವ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ, ವಿಪರೀತ ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಮುಚ್ಚಿಡದೆ ಹೇಳಿ.

ಗೂಡಿನ ಹತ್ತಿರ ಫೋಟೋ ತೆಗೆಯಬಹುದಾ?

ಬೇಡ. ನೀವು ಪೊಟರೆಯ ಎದುರು ನಿಂತಿರುವಷ್ಟು ಹೊತ್ತು ತಾಯಿ ಹಕ್ಕಿ ಒಳಗೆ ಹೋಗುವುದಿಲ್ಲ. ಮರಿಗಳ ಹೊಟ್ಟೆ ಖಾಲಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ಪೊಟರೆಯ ಜಾಗವನ್ನು ಫೋಟೋ ಜೊತೆ ಹಂಚಿಕೊಳ್ಳಬೇಡಿ, ಮರಿ ಹಿಡಿಯುವವರಿಗೆ ಅದೇ ದಾರಿ ತೋರಿಸುತ್ತದೆ. ಹಣ್ಣಿನ ಮರದಲ್ಲಿ, ಹಾಲವಾಣದ ಹೂವಿನಲ್ಲಿ ಎಷ್ಟು ಬೇಕಾದರೂ ತೆಗೆಯಿರಿ.

ಮನೆಯಲ್ಲಿ ಸಾಕಬಹುದಾ? ಮಾತು ಕಲಿಸಬಹುದಾ?

ಸಾಕುವಂತಿಲ್ಲ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇದು ನಮ್ಮ ದೇಶದ ಎಲ್ಲ ಕಾಡು ಗಿಳಿಗಳಿಗೂ ಅನ್ವಯ. "ಹಸಿರು ಗಿಳಿ ಎಲ್ಲರ ಮನೇಲೂ ಇತ್ತಲ್ಲ" ಅನ್ನುವವರಿದ್ದಾರೆ. ಇತ್ತು, ಆದರೆ ಈಗ ಅದು ಅಪರಾಧ.

ಪಂಜರಕ್ಕೆ ಬರುವ ಗಿಳಿ ಹೇಗೆ ಬರುತ್ತದೆ ಗೊತ್ತಾ? ಪೊಟರೆಯಿಂದ ಮರಿ ಕದಿಯುತ್ತಾರೆ. ಕೈ ಹೋಗದಿದ್ದರೆ ಪೊಟರೆಯ ಬಾಯಿ ಒಡೆಯುತ್ತಾರೆ, ಇಲ್ಲದಿದ್ದರೆ ಮರವನ್ನೇ ಕಡಿಯುತ್ತಾರೆ. ಆ ವರ್ಷದ ಮರಿಗಳೂ ಹೋದವು, ಮುಂದೆ ಬರಬೇಕಾಗಿದ್ದ ಅಷ್ಟೂ ವರ್ಷದ ಗೂಡೂ ಹೋಯಿತು. ಸಾಕಬಾರದು ಅನ್ನಲು ಉಳಿದ ಎಲ್ಲ ಕಾರಣಗಳಿಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ.

ಈ ಗಿಳಿ ಅಳಿವಿನ ಅಂಚಿನಲ್ಲಿದೆಯಾ?

ಸದ್ಯಕ್ಕೆ ಇಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಕಡಿಮೆ ಆತಂಕದ ಗುಂಪಿನಲ್ಲಿ ಇಟ್ಟಿದ್ದಾರೆ. ಅದು ಸಮಾಧಾನದ ಸಂಗತಿ. ಆದರೆ ಇದರ ಇಡೀ ಪ್ರಪಂಚ ಒಂದು ಘಟ್ಟದ ಸಾಲು ಅನ್ನುವುದನ್ನು ಮರೆಯಬಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಕಾಡು, ಊರು ನೀರಿನಡಿ ಹೋದವು. ಆಮೇಲೆ ನೆಡುತೋಪು, ರಸ್ತೆ, ಕರೆಂಟ್ ಲೈನು ಅಂತ ಉಳಿದದ್ದು ತುಂಡು ತುಂಡಾಗಿದೆ. ಗಿಳಿ ಹಾರುವ ಹಕ್ಕಿ, ತುಂಡಿನಿಂದ ತುಂಡಿಗೆ ಹೋಗಬಲ್ಲದು. ಪ್ರತಿ ತುಂಡಿನಲ್ಲೂ ಹಳೆ ಮರ ಉಳಿದಿರಬೇಕು ಅಷ್ಟೇ.

ಮರಿ ಕೆಳಗೆ ಬಿದ್ದಿದ್ದರೆ ಏನು ಮಾಡಬೇಕು?

ಮೈ ತುಂಬಾ ಗರಿ ಬಂದಿದ್ದು ಗಟ್ಟಿಮುಟ್ಟಾಗಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ನಾಯಿ, ಬೆಕ್ಕು ಬಾರದಂತೆ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಬನ್ನಿ. ತಂದೆ ತಾಯಿ ಬರುತ್ತವೆ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದು ಬರೀ ಮಾತು. ಗರಿ ಬಂದಿಲ್ಲದಿದ್ದರೆ ಅಥವಾ ಗಾಯವಾಗಿದ್ದರೆ ಗಾಳಿ ಆಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಬೆಚ್ಚಗೆ, ಕತ್ತಲಲ್ಲಿ ಇಡಿ. ಬಾಯಿಗೆ ನೀರು, ಹಾಲು, ಅನ್ನ ಹಾಕಬೇಡಿ. ಶ್ವಾಸಕ್ಕೆ ಹೋಗಿ ಸತ್ತುಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ವಲಯ ಕಚೇರಿಗೆ ತಿಳಿಸಿ.

ನಮ್ಮ ಜಾಗದಲ್ಲಿ ಗಿಳಿಗಾಗಿ ಏನು ನೆಡಬಹುದು?

ಅತ್ತಿ, ಗೋಣಿ, ಬಸರಿ. ಜಾಗ ದೊಡ್ಡದಿದ್ದರೆ ಬೂರುಗ, ನಾಗಸಂಪಿಗೆ, ಹೆಬ್ಬಲಸು. ಹಾಲವಾಣದ ಗೂಟ ನೆಟ್ಟರೆ ಚಿಗುರುತ್ತದೆ, ಬೇಲಿಗೂ ಆಯಿತು, ಮೆಣಸಿನ ಬಳ್ಳಿಗೂ ಆಯಿತು. 2005ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದ ಎಲೆ ಗಂಟಿನ ಕೀಟದಿಂದ ಹಾಲವಾಣ ಬಹಳ ಕಡೆ ಸೊರಗಿತು. ಹಾಗಾಗಿ ಗೂಟ ತರುವಾಗ ಎಲೆಯಲ್ಲಿ ಗಂಟಿಲ್ಲದ, ಗಟ್ಟಿಯಾಗಿರುವ ಮರದಿಂದ ತನ್ನಿ. ಜೂನಿನ ಮೊದಲ ಮಳೆ ಬಿದ್ದು ನೆಲ ಹದವಾದ ಮೇಲೆ ನೆಡಿ. ಗೋಣಿಯನ್ನು ಮನೆ, ಬಾವಿಯಿಂದ ದೂರ ಇಡಿ, ಅದರ ಬೇರು ಗೋಡೆ ಸೀಳುತ್ತದೆ. ಅತ್ತಿಗೆ ತೋಡಿನ ಬದಿ ಸರಿಯಾದ ಜಾಗ.